ಹೆಬ್ಬಾಳದ ಏರಿನಲ್ಲಿ ಎರಡನೇ ಗೇರು

ಕೊಡಿಗೇಹಳ್ಳಿ ಗೇಟಿನ ಸಿಗ್ನಲ್ಲು ಹಸಿರಾದಾಗ ನಮ್ಮ ಕಾರಿನ ಗೇರು ಒಂದಕ್ಕೂ ಬೀಳಲಿಲ್ಲ, ಎರಡಕ್ಕೂ ಬೀಳಲಿಲ್ಲ. ಹಿಡಿಯನ್ನು ಎಳೆದೆ, ನೂಕಿದೆ. ಗೋಡೆಗೆ ಮೊಳೆ ಹೊಡೆದು ಕೂರಿಸಿದ ಹಾಗೆ ಅದು ನಡುವೆ ಎಲ್ಲೋ ನಿಂತುಬಿಟ್ಟಿತ್ತು. ಹಿಂದಿನ ಬಸ್ಸಿನವನು ಹಾರನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಪಕ್ಕದ ಸೀಟಿನಲ್ಲಿದ್ದ ನನ್ನ ಗಂಡ ರಸ್ತೆಯನ್ನು ನೋಡುತ್ತಲೇ ಹೇಳಿದರು, "ಜೋರ್ ಮಾಡಬ್ಯಾಡ, ಮುರೀತದ. ಇಳಿ. ಬಾನೆಟ್ ತಗಿ."

ಇಳಿದೆ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಎತ್ತಿದೆ. ಆಟೋದವರು, ಬೈಕಿನವರು ನನ್ನನ್ನು ಸುತ್ತಿಕೊಂಡು ಹೋಗುವಾಗ ತಲೆಗೊಂದು ಮಾತು ಆಡಿದರು.

ನಮ್ಮದು ಹಳೆಯ ಕಾಲದ ಕಾರು. ಗೇರಿನ ಹಿಡಿ ನೆಲದಲ್ಲಿಲ್ಲ, ಸ್ಟೀರಿಂಗ್ ಚಕ್ರದ ಎಡಕ್ಕೆ, ಚಕ್ರದಿಂದ ಇಂಜಿನ್ನಿನ ಕಡೆ ಇಳಿಯುವ ಉದ್ದ ಕೊಳವೆಗೆ ಅಂಟಿಕೊಂಡಿದೆ. ಆ ಕೊಳವೆಯನ್ನು ಮನೆಯಲ್ಲಿ ನಾವು ಕಂಬ ಅನ್ನುತ್ತೇವೆ. ಹಿಡಿಯನ್ನು ನಮ್ಮ ಕಡೆ ಎಳೆದು ಮೇಲೆತ್ತಿದರೆ ಒಂದು, ಕೆಳಗಿಳಿಸಿದರೆ ಎರಡು. ಮುಂದಕ್ಕೆ ನೂಕಿ ಮೇಲೆತ್ತಿದರೆ ಮೂರು, ಇಳಿಸಿದರೆ ನಾಲ್ಕು. ಕಂಬದ ಬುಡದಲ್ಲಿ ಇಂಜಿನ್ ಪಕ್ಕ ಎರಡು ಕಬ್ಬಿಣದ ಪುಟ್ಟ ತೋಳುಗಳಿವೆ. ಅವು ಒಂದರ ಮೇಲೊಂದು ನೆಟ್ಟಗೆ ನಿಂತಿದ್ದರೆ ಗೇರು ಬೀಳುತ್ತದೆ. ಒಂದು ಓರೆಯಾದರೂ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಅವರು ಕಿಟಕಿಯಿಂದ ತಲೆ ಹಾಕಿ ಹೇಳುತ್ತ ಹೋದಂತೆ ನಾನು ಓರೆಯಾದ ತೋಳನ್ನು ಹುಡುಕಿ ಹಿಂದಕ್ಕೆ ನೂಕಿದೆ. ಟಕ್ ಅಂತ ಕೂತಿತು. ಕೈತುಂಬ ಗ್ರೀಸು. ಒಳಗೆ ಬಂದು ಒಂದನೇ ಗೇರಿಗೆ ಎಳೆದರೆ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು.

ನನ್ನ ಗಂಡ ಹುಬ್ಬಳ್ಳಿ ಕಡೆಯವರು. ಯಶವಂತಪುರದ ಆಚೆ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ನಾನು ಯಲಹಂಕದವಳು, ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೆಲಸ. ಅಲ್ಲಾಳಸಂದ್ರದಲ್ಲಿ ನಮ್ಮ ಮನೆ. ಕಾರು ಅವರದ್ದೇ ಪ್ರಪಂಚ. ಅದರ ನಟ್ಟು ಬೋಲ್ಟುಗಳಲ್ಲಿ ಅವರ ಕೈ ತಾಗದ್ದು ಒಂದೂ ಇರಲಿಲ್ಲ. ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಆದರೆ ಎಡಗೈ ಎಡಗಾಲು ಮರಳಲಿಲ್ಲ. ಗಂಗಾನಗರದಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಹೆಣ್ಣುಮಗಳೊಬ್ಬಳ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಬಾಡಿಗೆ ಕಾರುಗಳ ತಗ್ಗಾದ, ಗುಂಡಿಯಂಥ ಸೀಟಿನಲ್ಲಿ ಅವರನ್ನು ಕೂರಿಸಿ ಎಬ್ಬಿಸುವುದೇ ಒಂದು ಯುದ್ಧ. ಒಂದು ದಿನ ಸೀಟಿಗೂ ಬಾಗಿಲಿಗೂ ನಡುವೆ ಜಾರಿ ಕುಸಿದರು. ಡ್ರೈವರ್ ಇಳಿದು ಬರಲೂ ಇಲ್ಲ. ಆಮೇಲೆ ಅವರು ಯಾರ ಕಾರನ್ನೂ ಹತ್ತಲಿಲ್ಲ.

ನಮ್ಮ ಕಾರಿನಲ್ಲಾದರೆ ಮುಂದಿನದು ಮನೆಯ ಸೋಫಾದಂಥ ಒಂದೇ ಉದ್ದ ಸೀಟು. ಕುರ್ಚಿಯ ಎತ್ತರಕ್ಕೆ ಇದೆ, ನಡುವೆ ಗೇರಿನ ಅಡ್ಡಿಯಿಲ್ಲ. ಕೂತು ಸರಿದರೆ ಆಯಿತು. ಹಾಗಾಗಿ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಅದನ್ನು ಹೊರಗೆ ತೆಗೆದೆವು. ಓಡಿಸುವವಳು ನಾನು. ನನಗೆ ಸಣ್ಣ ಕಾರು ಓಡಿಸಿ ರೂಢಿಯಿತ್ತು, ಇದನ್ನು ಮುಟ್ಟಿರಲಿಲ್ಲ. ಮುಟ್ಟಲು ಅವರು ಬಿಟ್ಟಿರಲಿಲ್ಲ ಎನ್ನುವುದೇ ಸರಿ.

ಸಿಗ್ನಲ್ಲಿನ ಆ ಘಟನೆಯ ನಂತರ ಗೇರು ಪದೇಪದೇ ಸಿಕ್ಕಿಕೊಳ್ಳತೊಡಗಿತು. ತೋಳುಗಳ ಕೀಲಿನಲ್ಲಿರುವ ಬುಷ್ ಎಂಬ ಪುಟ್ಟ ಉಂಗುರ ಸವೆದಿದೆ ಎಂದು ಅವರು ತೀರ್ಮಾನಿಸಿದರು. ಯಶವಂತಪುರದಲ್ಲಿ ಹಳೆಯ ಕಾರುಗಳ ಸಾಮಾನು ಮಾರುವ ಅಂಗಡಿಗೆ ಹೋಗಿ ತಂದೆ. ಭಾನುವಾರ ಶೆಡ್ಡಿನಲ್ಲಿ ನಾನು ಚಾಪೆ ಹಾಸಿ ಕಾರಿನ ಕೆಳಗೆ ಮಲಗಿದೆ, ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳಿದರು. ಹೇಳಿದರು ಅನ್ನುವುದಕ್ಕಿಂತ ಗದರಿದರು. ಯಾವ ಸ್ಪ್ಯಾನರ್ ಎಂದು ಕೇಳಿದರೆ ಸಿಟ್ಟು, ಕೇಳದೆ ತೆಗೆದುಕೊಂಡರೆ ಇನ್ನೂ ಸಿಟ್ಟು. ಅವರ ಬಲಗೈ ಗಾಳಿಯಲ್ಲಿ ಇಲ್ಲದ ಸ್ಪ್ಯಾನರನ್ನು ತಿರುಗಿಸುತ್ತಿತ್ತು. ಅದನ್ನು ಕಾರಿನ ಕೆಳಗಿನಿಂದ ನೋಡಿ ನಾನು ಆ ತಿರುವಿಗೇ ನನ್ನ ಸ್ಪ್ಯಾನರನ್ನೂ ತಿರುಗಿಸಿದೆ. ಬುಷ್ ಹೋಗಿ ಕೂತಿತು. ಕೆಲವು ದಿನ ಎಲ್ಲ ಸರಿಯಿತ್ತು, ಆಮೇಲೆ ಮತ್ತೆ ಅದೇ ಕಥೆ.

ಅಷ್ಟರಲ್ಲಿ ನನಗೆ ಬೇರೊಂದು ಸಂಗತಿ ತಿಳಿಯತೊಡಗಿತ್ತು. ಎರಡನೇ ಗೇರಿಗೆ ಎಳೆಯುವಾಗ ನನ್ನ ಬಲಗೈಯಲ್ಲಿದ್ದ ಚಕ್ರ ಒಂದು ಕೂದಲೆಳೆಯಷ್ಟು ನನ್ನ ಕಡೆ ಬಂದು ಹೋಗುತ್ತಿತ್ತು. ಲ್ಯಾಬಿನಲ್ಲಿ ವರ್ಷಗಟ್ಟಲೆ, ಹನಿ ಎಣಿಸಿ ಬಿಡುವ ಬ್ಯೂರೆಟ್ಟಿನ ನಲ್ಲಿ ತಿರುಗಿಸಿದ ಬೆರಳು ನನ್ನದು. ಸಡಿಲ ಅಂದರೆ ಏನೆಂದು ಅದಕ್ಕೆ ಗೊತ್ತು. ನೇರ ರಸ್ತೆಯಲ್ಲೂ ಕಾರು ಸ್ವಲ್ಪ ಅತ್ತಿತ್ತ ಅಲೆದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಬಾಯಿಬಿಟ್ಟು ಹೇಳಿದೆ.

"ಗೇರ್ ಹಾಕ್ದಾಗ ಚಕ್ರಾನೇ ನನ್ ಕಡೆ ಬರ್ತಿದೆ ಕಣ್ರೀ. ಕಂಬಾನೇ ಅಲ್ಲಾಡ್ತಿದೆ ಅನ್ಸತ್ತೆ."

"ಕಂಬ ಅಲ್ಲಾಡಂಗಿಲ್ಲ. ನಿನ್ನ ಕೈಗೆ ರೂಢಿ ಇಲ್ಲ, ಅಷ್ಟ."

"ರೂಢಿ ಇಲ್ದೇ ಇರೋ ಕೈಗೇ ಗೊತ್ತಾಗ್ತಿರೋದು."

ಇಷ್ಟು ವರ್ಷ ಆ ಚಕ್ರದ ಹಿಂದೆ ಕೂತ ಮನುಷ್ಯ ಅವರು. ಆದರೆ ಈಗ ಅವರು ಕೂರುವುದು ಎಡಕ್ಕೆ, ಅಲ್ಲಿಂದ ಸದ್ದು ಕೇಳುತ್ತದೆ, ಅಲುಗಾಟ ತಿಳಿಯುವುದಿಲ್ಲ. ಇದನ್ನು ಹೇಳಬೇಕೆಂದುಕೊಂಡೆ. ಹೇಳಿದರೆ ಬರೀ ಕಾರಿನ ಮಾತಾಗಿ ಉಳಿಯುವುದಿಲ್ಲ ಎಂದು ಹೆದರಿ ಸುಮ್ಮನಾದೆ. ಆ ವಾರವಿಡೀ ನಮ್ಮಿಬ್ಬರ ನಡುವೆ ಊಟ, ಮಾತ್ರೆ, ಸ್ನಾನದ ನೀರು ಇವುಗಳಷ್ಟೇ ಮಾತು. ಮೆಕ್ಯಾನಿಕ್ಕನ್ನು ಕರೆಸೋಣವೆಂದರೆ ಅದಕ್ಕೂ ಬೇಡ. ಬುಷ್ ಸರಿಯಾಗಿ ಕೂರಿಸಿಲ್ಲ ಎಂಬ ಒಂದೇ ಹಟ. ಕೂರಿಸಿದವಳು ನಾನು ತಾನೆ.

ಹೀಗೆ ಬಿಗುವಿನಲ್ಲಿರುವಾಗಲೇ ಒಂದು ಮಧ್ಯಾಹ್ನ ಗಂಗಾನಗರದಿಂದ ಹಿಂತಿರುಗುತ್ತಿದ್ದೆವು. ವ್ಯಾಯಾಮ ಅವರನ್ನು ಹಿಂಡಿಹಾಕಿತ್ತು. ಕಣ್ಣುಮುಚ್ಚಿ ಕೂತಿದ್ದರು. ಹೆಬ್ಬಾಳದ ಮೇಲುಸೇತುವೆಯ ಏರು ಶುರುವಾಗುವಲ್ಲಿ ಮೆಟ್ರೊ ಕೆಲಸದ ತಗಡಿನ ಬೇಲಿಯಿಂದ ರಸ್ತೆ ಕಿರಿದಾಗಿತ್ತು. ಏರ್‌ಪೋರ್ಟಿಗೆ ಹೊರಟ ಟ್ಯಾಕ್ಸಿಗಳು, ಸಿಮೆಂಟಿನ ಲಾರಿಗಳು, ಎಲ್ಲ ಒಂದಕ್ಕೊಂದು ಮೂತಿ ತಾಗಿಸಿಕೊಂಡು ತೆವಳುತ್ತಿದ್ದವು. ಮೂರರಲ್ಲಿದ್ದ ಕಾರು ಏದುಸಿರು ಬಿಟ್ಟಿತು. ಕ್ಲಚ್ ಒತ್ತಿ ಎರಡಕ್ಕೆ ಎಳೆದೆ.

ಕಾಲ ಬಳಿ ಠಣ್ ಎಂದು ಏನೋ ಬಿತ್ತು. ಅದರ ಬೆನ್ನಿಗೇ ಚಕ್ರ ನನ್ನ ಕೈಯಿಂದ ಕುಸಿದು ತೊಡೆಯ ಮೇಲೆ ಬಂದು ಕೂತಿತು.

ಕಂಬ ಡ್ಯಾಶ್‌ಬೋರ್ಡಿನಿಂದ ಕಳಚಿ ಜೋತುಬಿದ್ದಿತ್ತು. ಗೇರು ಮೂರರಿಂದ ಬಿಟ್ಟಿತ್ತು, ಎರಡಕ್ಕೆ ಸೇರಿರಲಿಲ್ಲ. ಕಾರು ಒಂದು ಗಳಿಗೆ ನಿಂತು, ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಕನ್ನಡಿಯಲ್ಲಿ ಸಿಮೆಂಟ್ ಲಾರಿಯ ಮೂತಿ ಬಿಟ್ಟು ಬೇರೇನೂ ಕಾಣಲಿಲ್ಲ. ಬ್ರೇಕನ್ನು ಎರಡೂ ಕಾಲಿನಿಂದ ಒತ್ತಿದೆನೇನೋ, ನೆನಪಿಲ್ಲ. ಹ್ಯಾಂಡ್ ಬ್ರೇಕ್ ಎಳೆದೆ. ಕಾರು ನಿಂತಿತು, ಇಂಜಿನ್ ಇನ್ನೂ ಓಡುತ್ತಿತ್ತು. ಹಾರನ್ನುಗಳು ಒಟ್ಟಾಗಿ ಶುರುವಾದವು. ಇಳಿದು ಹೋಗೋಣವೆಂದರೆ ಇವರನ್ನು ಈ ಸಂದಿಯಲ್ಲಿ ಇಳಿಸುವುದು ಹೇಗೆ? ಎಡಕ್ಕೆ ತಡೆಗೋಡೆ, ಅದರಾಚೆ ಕೆಳಗೆ ಕೆರೆ. ಅವರ ಬಾಗಿಲು ಅರ್ಧ ಕೂಡ ತೆರೆಯುವುದಿಲ್ಲ.

"ಚಕ್ರ ತಿರಗತದ?" ಅವರ ದನಿ ಎಷ್ಟು ತಣ್ಣಗಿತ್ತೆಂದರೆ ನನಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಕೇಳಿದರು.

ತಿರುಗಿಸಿದೆ. ತಿರುಗಿತು, ಮುಂದಿನ ಗಾಲಿಗಳೂ ತಿರುಗಿದವು.

"ಅಂದ್ರ ಬುಡ ಗಟ್ಟಿ ಅದ. ಮ್ಯಾಲಿಂದಷ್ಟ ಬಿಟ್ಟದ."

ಅವರು ಉದ್ದ ಸೀಟಿನ ಮೇಲೆ ಇಂಚಿಂಚಾಗಿ ನನ್ನ ಕಡೆ ಸರಿದರು. ಬಲಗೈಯನ್ನು ಕಂಬದ ಕೆಳಗೆ ತೂರಿಸಿ, ಭುಜವನ್ನು ಸೀಟಿಗೆ ಒತ್ತಿ, ಅದನ್ನು ಮೇಲಕ್ಕೆತ್ತಿ ಡ್ಯಾಶ್‌ಬೋರ್ಡಿಗೆ ಆನಿಸಿ ಹಿಡಿದರು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದು ನನಗೆ ನೆನಪಾಯಿತು. ಬೇಡ ಎನ್ನಲು ಬಾಯಿ ತೆರೆದೆ.

"ಈಗ ಹಾಕು."

ಹಿಡಿಯನ್ನು ಎಳೆದು ಮೇಲೆತ್ತಿದೆ. ಒಂದನೇ ಗೇರು ಬಿತ್ತು. ಹ್ಯಾಂಡ್ ಬ್ರೇಕ್ ಬಿಡುವಾಗ ಕಾರು ಒಂದು ಗೇಣು ಹಿಂದೆ ಸರಿಯಿತು, ಲಾರಿಯವನು ಬೈದದ್ದು ಕೇಳಿಸಿತು, ಆಮೇಲೆ ಇಂಜಿನ್ ಹಿಡಿದುಕೊಂಡಿತು. ಒಂದರಲ್ಲೇ ಏರಿದೆವು. ಏರಿನುದ್ದಕ್ಕೂ ಅವರ ತಲೆ ನನ್ನ ಭುಜಕ್ಕೆ ತಾಗುತ್ತಿತ್ತು, ಉಸಿರು ಜೋರಾಗಿ ಕೇಳುತ್ತಿತ್ತು. ಬಿಡಿ, ಸ್ವಲ್ಪ ಬಿಡಿ ಎಂದರೂ ಬಿಡಲಿಲ್ಲ. ಸೇತುವೆ ಇಳಿದು, ಎಡಕ್ಕೆ ಸರ್ವೀಸ್ ರಸ್ತೆಗೆ ಸೇರಿ, ಹೊಂಗೆಮರವೊಂದರ ನೆರಳಿನಲ್ಲಿ ನಿಲ್ಲಿಸಿ ಇಂಜಿನ್ ಆರಿಸಿದ ಮೇಲೆಯೇ ಅವರು ಕೈ ತೆಗೆದದ್ದು. ಆ ಕೈ ಮುಷ್ಟಿಯಾಗಿಯೇ ಉಳಿದಿತ್ತು. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನೀರು ಕುಡಿಸಿದೆ. ಬಾಯಿ ಸೊಟ್ಟಗಾಗಿದೆಯಾ ಎಂದು ನೋಡಿದೆ, ನಗಿ ನೋಡೋಣ ಎಂದೆ. ಅವರು ಹಲ್ಲು ತೋರಿಸಿದರು, ಸಿಟ್ಟಿನಲ್ಲೇ. ನೆಟ್ಟಗಿತ್ತು.

ಆಮೇಲೆ ಡಿಕ್ಕಿಯಿಂದ ಸ್ಪ್ಯಾನರ್ ತಂದು, ಮೊಬೈಲಿನ ಬೆಳಕು ಹಾಕಿ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿದೆ. ಕಂಬವನ್ನು ಮೇಲೆ ಕಚ್ಚಿ ಹಿಡಿಯಲು ಒಂದು ಕಬ್ಬಿಣದ ಪಟ್ಟಿ, ಅದಕ್ಕೆರಡು ಬೋಲ್ಟು. ಒಂದು ಇರಲಿಲ್ಲ. ಇನ್ನೊಂದು ಕಡೆಯ ಸುತ್ತಿನಲ್ಲಿ ನೇತಾಡುತ್ತಿತ್ತು. ಬಿದ್ದ ಬೋಲ್ಟು ಕಾಲಡಿಯ ರಬ್ಬರ್ ಹಾಸಿನ ಸುಕ್ಕಿನಲ್ಲಿ ಸಿಕ್ಕಿತು, ಅದರ ನಟ್ಟು ಸೀಟಿನ ಕೆಳಗೆ. ಪಟ್ಟಿ ಸಡಿಲವಾದರೆ ಹಿಡಿ ಎಳೆದಾಗಲೆಲ್ಲ ಕಂಬವೇ ಸರಿಯುತ್ತದೆ, ಕಂಬ ಸರಿದರೆ ಬುಡದ ತೋಳುಗಳು ಓರೆಯಾಗುತ್ತವೆ. ಗೇರು ಸಿಕ್ಕಿಕೊಂಡದ್ದೂ ಕಾರು ಅಲೆದದ್ದೂ ಒಂದೇ ರೋಗ. ಬುಷ್ಷಿಗೆ ಅದರಲ್ಲಿ ಪಾಲಿರಲಿಲ್ಲ.

ಬೋಲ್ಟನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಅದರ ಸುತ್ತುಗಳನ್ನು ಸವರಿ ನೋಡಿದರು.

"ಸುತ್ತು ಛಲೋ ಅದಾವ. ನಟ್ಟು ಸಡ್ಲಾಗದಂಗ ಹಿಡಿಯೋ ಸ್ಪ್ರಿಂಗ್ ವಾಷರ್ ಇಲ್ಲ. ಇದನ್ನ ಯಾರೋ ಬಿಚ್ಚಿ, ಬರೇ ಕೈಲೇ ತಿರುವಿ ಬಿಟ್ಟಾರ." ಬೋಲ್ಟನ್ನು ಹೊರಳಿಸಿ ನೋಡಿ ಕೇಳಿದರು, "ಯಾರ್ ಬಿಚ್ಚಿದ್ರು?"

ನನಗೆ ಗೊತ್ತಿತ್ತು. ಬೋಲ್ಟು ನೋಡಿದ ಕ್ಷಣವೇ ಗೊತ್ತಾಗಿತ್ತು.

"ನೀವೇ," ಎಂದೆ.

ಲಕ್ವ ಹೊಡೆದ ದಿನದ ಬೆಳಿಗ್ಗೆ ಅವರು ಹಾರನ್ನಿನ ತಂತಿ ಬದಲಿಸಲು ಕಂಬ ಇಳಿಸಿದ್ದರು, ಅದನ್ನು ಮತ್ತೆ ಕೂರಿಸಿ ಬಿಗಿಯುವ ಮೊದಲೇ ಕುಸಿದಿರಬೇಕು. ಆ ಬೆಳಗಿನ ನೆನಪು ಅವರಿಗೆ ಒಂದಿಷ್ಟೂ ಇಲ್ಲ. ಮತ್ತೆ ಬರುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮನೆಗೆ ತಂದ ಮೇಲೆ ಔಷಧಿ, ಊರುಗೋಲು, ಬಾತ್‌ರೂಮಿನ ಹಿಡಿಕೆ ಇವುಗಳ ಗದ್ದಲದಲ್ಲಿ ಆ ದಿನ ಹಾಗೇ ಮುಚ್ಚಿಹೋಗಿತ್ತು.

"ಅವತ್ತ?"

"ಹೂಂ."

"ಹೇಳು," ಎಂದರು.

ಹೇಳಿದೆ. ಹೊಂಗೆಮರದ ಕೆಳಗೆ, ಕಿಟಕಿ ಇಳಿಸಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ. ಉಪ್ಪಿಟ್ಟು ಆರುತ್ತಿದೆಯೆಂದು ಕರೆದದ್ದು, ಉತ್ತರ ಬರದಿದ್ದದ್ದು, ಶೆಡ್ಡಿಗೆ ಹೋದರೆ ಕಾರಿನ ಬಾಗಿಲಿನಿಂದ ಅವರ ಎರಡು ಕಾಲು ಮಾತ್ರ ಹೊರಗೆ ಕಂಡದ್ದು. ಒಳಗೆ ಬಗ್ಗಿ ನೋಡಿದರೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಬಿದ್ದಿದ್ದರು, ಬಾಯಿ ಒಂದು ಕಡೆಗೆ ಎಳೆದಿತ್ತು. ನಾನು ಎಳೆಯಲು ಹೋದರೆ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಳೆ ಒಡೆಯುವಷ್ಟು ಬಿಗಿಯಾಗಿ. ನನ್ನ ಕೂಗು ಕೇಳಿ ಪಕ್ಕದ ಮನೆಯವರು ಓಡಿ ಬಂದರು. ಆರ್.ಟಿ. ನಗರದಲ್ಲಿ ಅವರಿಗೆ ಹಾಸಿಗೆ ದಿಂಬಿನ ವ್ಯಾಪಾರ, ಮನೆಮುಂದೆ ಸದಾ ಅವರ ವ್ಯಾನು ನಿಂತಿರುತ್ತದೆ. ಆ ವ್ಯಾನಿನಲ್ಲೇ ಆಸ್ಪತ್ರೆಗೆ ಹೋದದ್ದು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹೇಳಲು ಶುರು ಮಾಡಿದ ಮೇಲೆ ಉಳಿದದ್ದೂ ಬಂತು.

"ದಾರಿಯುದ್ದಕ್ಕೂ ನೀವು ಒಂದೇ ಮಾತು ಹೇಳ್ತಿದ್ರಿ. ಬಿಡು, ಬಿಡು ಅಂತ."

ಆ ಮಾತು ಒಂದು ವರ್ಷದಿಂದ ನನ್ನೊಳಗೆ ಕೂತಿತ್ತು. ನಾಲಿಗೆ ಹೊರಳದೆ, ತೊದಲುತ್ತ, ನನ್ನ ಮುಖವನ್ನೇ ನೋಡುತ್ತ ಹೇಳಿದ ಮಾತು. ಕೈ ಬಿಡು ಎಂದೋ, ನನ್ನನ್ನು ಬಿಟ್ಟುಬಿಡು ಎಂದೋ. ಇಷ್ಟು ವರ್ಷ ಜೊತೆಗಿದ್ದವಳಿಗೆ ಹೋಗುವ ಹೊತ್ತಿನಲ್ಲಿ ಹೇಳುವುದು ಇದೇನಾ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಿದ್ದೆ. ಆಮೇಲೆ ಅವರು ಗದರಿದಾಗಲೆಲ್ಲ ಆ ಮಾತು ಕಿವಿಯಲ್ಲಿ ಎದ್ದು ಕೂರುತ್ತಿತ್ತು.

ಅವರು ಅಂಗೈಯ ಬೋಲ್ಟನ್ನು ನೋಡುತ್ತಿದ್ದರು.

"ಬಿಡು ಅಂದಿರಲಿಕ್ಕಿಲ್ಲ," ಎಂದರು ಕೊನೆಗೆ. "ಬಿಗಿ ಅಂದಿರಬೇಕು."

"ನೆನಪಿದ್ಯಾ ನಿಮಗೆ?"

"ನೆನಪಿಲ್ಲ. ಆದ್ರ ಬೋಲ್ಟ್ ಸಡಲ ಬಿಟ್ಟು ಎದ್ದು ಹೋಗಾವಲ್ಲ ನಾ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅರ್ಧ ದೇಹ ಸತ್ತುಹೋಗುತ್ತಿರುವಾಗ ಈ ಮನುಷ್ಯನಿಗೆ ಬೋಲ್ಟಿನ ಚಿಂತೆಯೇ? ಹೆಂಡತಿಯ ಮಣಿಕಟ್ಟು ಹಿಡಿದು ಕಾರಿನ ಕಂಬ ಬಿಗಿ ಮಾಡು ಎನ್ನುವುದೇ? ಅದನ್ನೇ ಬಾಯಿಬಿಟ್ಟು ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಗುಳ ಮುಗಿಯಿತು. ಅವರು ಬೋಲ್ಟನ್ನು ಮಡಿಲಿಗೆ ಹಾಕಿಕೊಂಡು ಆ ಕೈಯಿಂದ ನನ್ನ ಮಣಿಕಟ್ಟು ಹಿಡಿದರು. ಸಡಿಲವಾಗಿ.

"ನೀ ಹೇಳಿದ್ದು ಖರೇ ಇತ್ತು. ಕಂಬ ಅಲ್ಲಾಡ್ತಿತ್ತು," ಎಂದರು. ನಮ್ಮ ಸಂಸಾರದಲ್ಲಿ ಅವರು ಇಷ್ಟು ಉದ್ದದ ತಪ್ಪೊಪ್ಪಿಗೆ ಕೊಟ್ಟದ್ದು ನನಗೆ ಗೊತ್ತಿಲ್ಲ.

ಕಂಬವನ್ನು ಅವರು ಮತ್ತೆ ಎತ್ತಿ ಹಿಡಿದರು, ಈ ಸಲ ನಾನೂ ಮಂಡಿ ಕೊಟ್ಟೆ. ಎರಡು ಬೋಲ್ಟನ್ನೂ ಕೂರಿಸಿ ಸ್ಪ್ಯಾನರಿನಿಂದ ಬಿಗಿದೆ. ಸಾಕಾ ಎಂದರೆ ಇನ್ನೊಂದು ಸುತ್ತು ಎಂದರು, ಆಮೇಲೆ ಇನ್ನರ್ಧ. ನಿಂತಲ್ಲೇ ಗೇರುಗಳನ್ನು ಹಾಕಿ ತೆಗೆದು ನೋಡಿದೆ. ಬಿದ್ದವು. ಆದರೂ ಬ್ಯಾಟರಾಯನಪುರ, ಜಕ್ಕೂರು ದಾಟಿ ಮನೆ ಸೇರುವವರೆಗೆ ನನ್ನ ಬೆನ್ನು ಸೀಟಿಗೆ ತಾಗಲಿಲ್ಲ. ಪ್ರತಿ ಹಳ್ಳದಲ್ಲೂ ಠಣ್ ಎಂಬ ಸದ್ದಿಗೆ ಕಿವಿಗೊಡುತ್ತಿದ್ದೆ. ಅವರೂ ಕಿವಿಗೊಡುತ್ತಿದ್ದರು.

ಮಾರನೆಯ ದಿನ ಯಶವಂತಪುರದ ಅಂಗಡಿಯಿಂದ ಸ್ಪ್ರಿಂಗ್ ವಾಷರು ತಂದು ಹಾಕಿದೆವು. ಶೆಡ್ಡಿನಲ್ಲಿ ಆ ಕೆಲಸ ನಡೆಯುವಾಗ ಪಕ್ಕದ ಮನೆಯವರು ಬೇಲಿಯಾಚೆಯಿಂದ ಏನಾಯಿತೆಂದು ಕೇಳಿದರು. ನನ್ನ ಗಂಡ ಅವರನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಲಕ್ವ ಹೊಡೆದ ದಿನ ವ್ಯಾನಿನಲ್ಲಿ ತಮ್ಮ ಬಾಯಿಂದ ಯಾವ ಮಾತು ಬರುತ್ತಿತ್ತು, ನೆನಪಿದೆಯಾ ಎಂದು ನೇರವಾಗಿ ಕೇಳಿದರು. ಪಕ್ಕದ ಮನೆಯವರು ಸಂಕೋಚದಿಂದ ನನ್ನನ್ನು ನೋಡಿದರು. ಪರವಾಗಿಲ್ಲ, ಹೇಳಿ ಎಂದೆ.

"ನಂಗೆ ಬೀಬಿ, ಬೀಬಿ ಅಂತ ಕೇಳಿಸ್ತು ಸಾರ್. ಅಕ್ಕನ್ನೇ ಕರೀತಿದೀರ ಅಂದ್ಕೊಂಡೆ. ನಮ್ ಮನೇಲಿ ಹೆಂಡ್ತೀಗೆ ಹಂಗೇ ಅನ್ನೋದಲ್ವಾ."

ನನ್ನ ಗಂಡನಿಗೆ ನಗು ಬಂತು. ಲಕ್ವದ ನಂತರ ಅವರು ನಕ್ಕರೆ ಕೆಮ್ಮು ಹತ್ತುತ್ತದೆ, ಕೆಮ್ಮು ಹತ್ತಿದರೆ ಬೆನ್ನು ತಟ್ಟಬೇಕು. ನಾನು ಗ್ರೀಸಿನ ಕೈಯಲ್ಲೇ ತಟ್ಟಿದೆ, ಬಿಳಿ ಬನಿಯನ್ನಿನ ಮೇಲೆ ಐದು ಬೆರಳೂ ಮೂಡಿದವು. ನಿಜವಾಗಿ ಅವರು ಏನೆಂದಿದ್ದರೋ ಯಾರಿಗೂ ಗೊತ್ತಿಲ್ಲ. ಬಿಗಿ ಎಂದೇ ಇರಬೇಕು ಎಂದು ಈಗ ನನಗೂ ಅನ್ನಿಸುತ್ತದೆ. ಕೆಲವೊಮ್ಮೆ ಹಾಗನ್ನಿಸುವುದಿಲ್ಲ.

ಗೇರು ಆಮೇಲೆ ಸಿಕ್ಕಿಕೊಂಡಿಲ್ಲ. ಎರಡನೆಯದು ಬೆಳಗಿನ ಚಳಿಗೆ ಸ್ವಲ್ಪ ಬಿಗಿ, ಬಿಸಿಯಾದ ಮೇಲೆ ಸರಿಹೋಗುತ್ತದೆ. ನಮ್ಮ ಜಗಳಗಳೂ ನಿಂತಿಲ್ಲ. ಬ್ರೇಕಿನ ವಿಷಯಕ್ಕೆ ಈಗೊಂದು ನಡೆಯುತ್ತಿದೆ. ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆಯುತ್ತದೆ ಎಂದು ನಾನು, ಇಲ್ಲ ಎಂದು ಅವರು. ಆದರೆ ಮೊನ್ನೆ, "ಎಷ್ಟು ಎಳೀತದ? ನಿನ್ನ ಕೈಗೆ ಏನ್ ತಿಳೀತದ, ಹೇಳು," ಎಂದು ಕೇಳಿದರು. ನಾನು ಹೇಳಿದೆ. ಅವರು ಕಣ್ಣುಮುಚ್ಚಿಕೊಂಡು, ಬಲಗೈಯನ್ನು ಮಂಡಿಯ ಮೇಲಿಟ್ಟು, ಗಂಗಾನಗರ ಬರುವವರೆಗೆ ಯೋಚಿಸುತ್ತ ಕೂತರು.